ನೇತ್ರಾಳ ಗಾಡಿಗೆ ಔಡಲೆಣ್ಣೆ

ನೀವು ಫೋನ್ ಮಾಡಿದಾಗ ನನ್ನ ಮೊಣಕಾಲಿನ ಸುದ್ದಿ ಕೇಳುವುದು ಎರಡನೆಯದು. ಮೊದಲ ಪ್ರಶ್ನೆ ಗಾಡಿಯದು. ‘ಅಜ್ಜಿ, ನೇತ್ರಕ್ಕನ ಗಾಡಿ ಹೊರಗ ಹೋಗೈತೋ, ಮನ್ಯಾಗ ಐತೋ?’ ಮನೆಯಲ್ಲಿದೆ ಎಂದರೆ ವಿಡಿಯೊದಲ್ಲಿ ತೋರಿಸು ಎನ್ನುತ್ತೀರಿ. ನಾನು ಫೋನ್ ಹಿಡಿದುಕೊಂಡು ಅಂಗಳಕ್ಕೆ ಹೋಗುತ್ತೇನೆ. ಅದನ್ನು ಸರಿಯಾಗಿ ಹಿಡಿಯಲು ನನಗೆ ಇನ್ನೂ ಬಂದಿಲ್ಲ. ನಿಮಗೆ ಕಾಣುವುದು ಅರ್ಧ ಗಾಲಿ, ಅರ್ಧ ನೀರಿನ ಬ್ಯಾರಲ್ಲು, ಮತ್ತು ನನ್ನ ಹೆಬ್ಬೆರಳು. ಅಷ್ಟಕ್ಕೇ ನೀವು ಗಂಗಾವತಿಯಲ್ಲಿ ಕುಳಿತು ಖುಷಿಪಡುತ್ತೀರಿ.

ನೇತ್ರಾ ನಿಮ್ಮ ಸೋದರಮಾವ ವಿರೂಪಣ್ಣನ ಮಗಳು. ಅವಳ ಅಪ್ಪ ಅವ್ವ ಇಬ್ಬರೂ ಕಾರಟಗಿಯಲ್ಲಿ. ಇವಳಿಗೆ ಕೊಪ್ಪಳದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದರಿಂದ ನನ್ನ ಜೊತೆ ಇದ್ದಾಳೆ. ಇದೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲದ್ದು ಎಂದರೆ, ಆ ಗಾಡಿ ಹೋದ ವರ್ಷ ನಮ್ಮ ಮನೆ ಬಿಟ್ಟು ಹೋಗುವುದರಲ್ಲಿತ್ತು, ಮತ್ತು ಅದಕ್ಕೆ ಕಾರಣ ಯಾರು ಎಂಬುದು.

ಗಾಡಿ ಬಂದ ದಿನ ನಾನು ಬಾಗಿಲಲ್ಲೇ ನಿಂತು ಅದನ್ನು ನೋಡಿದೆ. ಮುನಿರಾಬಾದಿನ ಕಾಲನಿಯಲ್ಲಿ ಯಾರೋ ಒಬ್ಬರು ಎರಡು ವರ್ಷ ಓಡಿಸಿ ಬಿಟ್ಟಿದ್ದನ್ನು ಅವಳು ತೆಗೆದುಕೊಂಡು ತಾನೇ ಓಡಿಸಿಕೊಂಡು ಬಂದಿದ್ದಳು. ಹಸಿರು ಬಣ್ಣದ ರೇಸ್ ಬೈಕು. ಮುಂದೆ ತಗ್ಗು, ಹಿಂದೆ ಎತ್ತರ, ಹಾರಲು ಕುಳಿತ ಮಿಡತೆಯ ಹಾಗೆ. ಅದರ ಮೇಲೆ ಕುಳಿತವರು ನೆಟ್ಟಗೆ ಕುಳಿತುಕೊಳ್ಳುವಂತಿಲ್ಲ. ನಾವು ಭತ್ತದ ಗದ್ದೆಯಲ್ಲಿ ಸಸಿ ಹಚ್ಚುವಾಗ ಬಗ್ಗಿದಂತೆ ಬಗ್ಗಿಯೇ ಹೋಗಬೇಕು. ನಾನು ಕೂಲಿಗೆ ಬಗ್ಗಿದೆ, ಇವಳು ಕೈಯಿಂದ ರೊಕ್ಕ ಕೊಟ್ಟು ಬಗ್ಗುತ್ತಾಳೆ ಎಂದುಕೊಂಡೆ. ಅವಳು ಕೀಲಿ ತಿರುಗಿಸಿ ಇಳಿದಳು. ಇಳಿದ ಮೇಲೂ ಒಳಗೆ ಏನೋ ಗುಂಯ್ ಎನ್ನುತ್ತಿತ್ತು.

‘ಬಂದ್ ಮಾಡೂದು ಮರತಿ ನೋಡು’ ಎಂದೆ.

‘ಬಂದ್ ಮಾಡೀನಿ ಅಜ್ಜಿ. ಅದು ಒಳಗಿನ ಫ್ಯಾನು. ಇಂಜಿನ್ ಆರೂತನ ತಾನ ತಿರಗತೈತಿ.’

ನನಗೆ ಆ ಗಾಡಿಯ ಬಗ್ಗೆ ಸ್ವಲ್ಪ ಮಮತೆ ಹುಟ್ಟಿದ್ದು ಅಲ್ಲಿಂದ. ಕೆಲಸ ಮುಗಿದ ಮೇಲೂ ಉಸಿರು ಬಿಡುತ್ತಾ ನಿಲ್ಲುವುದು ಎತ್ತಿನ ಗುಣ.

ವಿರೂಪಣ್ಣ ಮರುದಿನವೇ ಬಂದ. ಕಾರಟಗಿಯ ರಸ್ತೆಯಲ್ಲಿ ಭತ್ತದ ಲಾರಿಗಳ ಕೆಳಗೆ ಬಿದ್ದ ಗಾಡಿಗಳನ್ನು ನೋಡಿ ನೋಡಿ ಅವನಿಗೆ ಎರಡು ಗಾಲಿಯೆಂದರೆ ಆಗುವುದಿಲ್ಲ. ಗಾಡಿಯ ಸುತ್ತ ಎರಡು ಸುತ್ತು ಹಾಕಿದ, ಮುಟ್ಟಲಿಲ್ಲ.

‘ಲ್ಯಾಬು ಎಷ್ಟು ದೂರ ಐತಿ?’

‘ಎರಡೂವರಿ ಕಿಲೋಮೀಟರ್ ಅಪ್ಪಾ.’

‘ಎರಡೂವರಿ ಕಿಲೋಮೀಟರಿಗೆ ಇದು ಬೇಕಾ? ಇದರ ಮ್ಯಾಲೆ ಕುಂತು ಕಣ್ಣು ಮುಚ್ಚಿ ತೆಗಿಯೂದ್ರಾಗ ಹುಬ್ಬಳ್ಳಿ ಬರತೈತಿ.’

‘ಕಣ್ಣು ಮುಚ್ಚಂಗಿಲ್ಲ ಬಿಡು.’

ಅವನು ನಗಲಿಲ್ಲ. ‘ನೋಡವ್ವ, ನಿನ್ನ ದುಡಿಮಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಒಂದು ಸಲ ಬಿದ್ದಿ ಅಂತ ಕೇಳಿದ್ರ ಆ ವಾರದಾಗ ಗಾಡಿ ಮಾರೂದು. ಮುಂದ ಮಾತಿಲ್ಲ.’

‘ಆತು’ ಎಂದಳು ನೇತ್ರಾ. ನನ್ನ ಎದುರಿಗೇ ಆದ ಮಾತು. ಇಬ್ಬರೂ ಮಾತಿಗೆ ತಪ್ಪುವವರಲ್ಲ.

ಗಾಡಿಗೆ ಆರು ಗೇರು ಇವೆಯಂತೆ. ಕೊಪ್ಪಳದಲ್ಲಿ ಅವಳು ಎರಡನೆಯದನ್ನು ದಾಟಿದ್ದಿಲ್ಲ. ಮನೆ ಬಿಟ್ಟರೆ ಮೊದಲು ನಮ್ಮ ಓಣಿಯವರು ತಾವೇ ಸಿಮೆಂಟು ಕಲಸಿ ಹಾಕಿಕೊಂಡ ಮೂರು ಉಬ್ಬುಗಳು. ಗಾಡಿಯ ಹೊಟ್ಟೆ ತಗ್ಗಾದ್ದರಿಂದ ನೇರ ಹತ್ತಿಸಿದರೆ ಉಜ್ಜುತ್ತದೆ. ಅವಳು ಈ ಗೋಡೆಯಿಂದ ಆ ಗೋಡೆಗೆ ಓರೆಯಾಗಿ ದಾಟಿಸುತ್ತಾಳೆ. ಆಮೇಲೆ ಎಮ್ಮೆಗಳು. ಆಮೇಲೆ ಶಾಲೆಗೆ ಮಕ್ಕಳನ್ನು ತುಂಬಿಕೊಂಡ ಆಟೊಗಳು. ಆಮೇಲೆ ರೈಲ್ವೆ ಗೇಟು. ಗೇಟು ಹಾಕಿದರೆ ಎಲ್ಲರ ಜೊತೆ ಇವಳೂ ನಿಲ್ಲಬೇಕು. ಬೇಸಿಗೆಯಲ್ಲಿ ಹಾಗೆ ನಿಂತಾಗ ಇಂಜಿನ್ನಿನ ಬಿಸಿ ತೊಡೆಗೆ ಹೊಡೆಯುತ್ತದೆ. ‘ಅಜ್ಜಿ, ನೀ ರೊಟ್ಟಿ ಮಾಡುವಾಗ ಒಲಿ ಮುಂದ ಕುಂದರ್ತಿ, ನಾ ಒಲಿ ಮ್ಯಾಲ ಕುಂದರ್ತೀನಿ’ ಎನ್ನುತ್ತಾಳೆ. ಸಂಜೆ ಬರುವಾಗ ಕೊತ್ತಂಬರಿ ತಾ ಎಂದರೆ ಅದಕ್ಕೆ ಚೀಲ ಸಿಕ್ಕಿಸುವ ಕೊಂಡಿ ಸಹ ಇಲ್ಲ. ಜಾಕೀಟಿನ ಒಳಗೆ ಎದೆಗೆ ಅವಚಿಕೊಂಡು ತರುತ್ತಾಳೆ. ನಮ್ಮ ಮನೆಯ ಕೊತ್ತಂಬರಿ ಆರು ತಿಂಗಳು ಬಾಡಿಯೇ ಬಂತು.

ಎದುರು ಮನೆಯ ಶಾಂತವ್ವ ಒಂದು ದಿನ ಅವಳನ್ನು ತಡೆದು ಕೇಳಿದಳು. ‘ಎಲ್ಲಾ ಹುಡುಗ್ಯಾರು ಸ್ಕೂಟಿ ತಗೋತಾರ. ನಿನಗೇನು ಬಂದಿತ್ತವ್ವ?’

‘ಸ್ಕೂಟಿ ಇದ್ರ ಓಣ್ಯಾಗಿನ ಎಲ್ಲಾರ ಗ್ಯಾಸ್ ಸಿಲಿಂಡರ್ ನಾನ ತರಬೇಕಾಗ್ತಿತ್ತು ಅತ್ತಿ. ಇದರಾಗ ಸಿಲಿಂಡರ್ ಕುಂದ್ರೂದಿಲ್ಲ.’

ಶಾಂತವ್ವನಿಗೆ ಅದು ತಾಗಿತು. ಆದರೆ ನಾನೊಬ್ಬಳೇ ಇದ್ದಾಗ ನೇತ್ರಾ ಬೇರೆ ಹೇಳಿದಳು. ಲ್ಯಾಬಿನಲ್ಲಿ ದಿನವಿಡೀ ಬೇರೆಯವರ ರಕ್ತ, ಬೇರೆಯವರ ಚಿಂತೆ. ಹೋಗುವಾಗ ಹತ್ತು ನಿಮಿಷ, ಬರುವಾಗ ಹತ್ತು ನಿಮಿಷ ನನಗೆ ಬೇಕಾದದ್ದರ ಮೇಲೆ ಕುಳಿತಿರುತ್ತೇನೆ, ಅಷ್ಟು ಸಾಕು ಎಂದಳು.

ಈಗ ನನ್ನ ವಿಷಯಕ್ಕೆ ಸ್ವಲ್ಪ ಬರಬೇಕು. ನಿಮ್ಮ ಅಜ್ಜಿ ನಾಚಿಕೆಯವಳು. ತವರೂರು ತಳಕಲ್ಲಿನಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಆ ಏಳು ವರ್ಷದಲ್ಲಿ ಮಾಸ್ತರರ ಮುಖ ಹೇಗಿತ್ತೆಂದು ಕೇಳಿದರೆ ಹೇಳಲಾರೆ, ಅವರ ಚಪ್ಪಲಿ ಹೇಗಿತ್ತೆಂದು ಹೇಳಬಲ್ಲೆ. ಕೊಪ್ಪಳಕ್ಕೆ ಬಂದು ಮೂವತ್ತು ವರ್ಷದ ಮೇಲಾಯಿತು. ಬಜಾರಿನಲ್ಲಿ ನನಗೆ ಅಂಗಡಿಗಳ ಮೆಟ್ಟಿಲು ಗೊತ್ತು, ಬೋರ್ಡು ಗೊತ್ತಿರಲಿಲ್ಲ. ನಿಮ್ಮ ಅಜ್ಜ ಇರುವತನಕ ಹೊರಗಿನ ಮಾತೆಲ್ಲ ಅವರದು. ಅವರು ಹೋದ ಮೇಲೆ ಶಾಂತವ್ವನದು. ಮನೆಗೆ ಗಂಡಸರು ಬಂದರೆ ನಾನು ಚಹದ ಬಟ್ಟಲನ್ನು ಬಾಗಿಲಲ್ಲಿಟ್ಟು ಒಳಗೆ ಹೋಗುತ್ತೇನೆ. ಮಗ ಬಂದರೂ ಅವನ ಜೊತೆ ಯಾರಾದರೂ ಇದ್ದರೆ ಹಾಗೆಯೇ.

ಇಂಥವಳು ಒಂದು ದಿನ ಆ ಗಾಡಿ ಹತ್ತಿದೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು, ಆಟೊ ಸಿಗಲಿಲ್ಲ. ಹಿಂದಿನ ಸೀಟು ಸಣ್ಣ ಮಣೆಯಷ್ಟು. ಒಂದೇ ಕಡೆ ಕಾಲು ಹಾಕಿ ಕುಳಿತರೆ ಮೊದಲ ಉಬ್ಬಿನಲ್ಲೇ ಜಾರುವುದು ಖಂಡಿತ. ಸೀರೆಗೆ ಅಡ್ಡ ಕಟ್ಟುವ ಕಂಬಿಯೂ ಇಲ್ಲ. ಅದನ್ನು ಹಚ್ಚಿಸೋಣ ಎಂದರೆ ಗಾಡಿ ರಿಪೇರಿ ಮಾಡುವ ಮೆಹಬೂಬ್ ಸಾಬ್ ಒಪ್ಪಿರಲಿಲ್ಲ. ‘ಬ್ಯಾಡ್ರಿ ಅವ್ವಾರ, ಇದಕ್ಕ ಸೀರಿ ಕಂಬಿ ಹಚ್ಚಿದ್ರ ಕುದುರಿಗೆ ಕುಬಸ ಹೊಲಿಸಿದಂಗ ಆಗತೈತಿ’ ಎಂದಿದ್ದ. ಕೊನೆಗೆ ನಾನು ಹೊಲದಲ್ಲಿ ಕಳೆ ತೆಗೆಯಲು ಹೋಗುವಾಗಿನಂತೆ ಕಚ್ಚೆ ಹಾಕಿ, ಎರಡೂ ಕಡೆ ಕಾಲು ಬಿಟ್ಟು ಕುಳಿತೆ. ನೇತ್ರಾ ನನ್ನ ತಲೆಗೆ ಹೆಲ್ಮೆಟ್ ಹಾಕಿದಳು.

ಶಾಂತವ್ವ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದಳು. ‘ಗಂಗವ್ವಾ, ಈ ವಯಸ್ಸಿನ್ಯಾಗ ಯಾರ ಮ್ಯಾಲ ಯುದ್ಧಕ್ಕ ಹೊಂಟಿ?’

ನಾಚಿಕೆಯಿಂದ ಸತ್ತೆನೆಂದುಕೊಂಡೆ. ಆದರೆ ಆ ಹೆಲ್ಮೆಟ್ಟಿಗೆ ಕಪ್ಪು ಗಾಜು ಇತ್ತು. ನೇತ್ರಾ ಅದನ್ನು ಇಳಿಸಿದಳು. ಓಣಿ ದಾಟಿದ ಮೇಲೆ ನನಗೆ ಒಂದು ವಿಷಯ ತಿಳಿಯಿತು: ನಾನು ಎಲ್ಲರನ್ನೂ ನೋಡಬಹುದು, ನನ್ನನ್ನು ಯಾರೂ ನೋಡಲಾರರು. ಬೆಲ್ಲದ ಅಂಗಡಿಯವನಿಗೆ ಬಿಳಿ ಮೀಸೆ ಇದೆ. ಬಟ್ಟೆ ಅಂಗಡಿಯ ಮೇಲೆ ಇನ್ನೊಂದು ಅಂತಸ್ತು ಇದೆ. ಬಳೆ ಮಾರುವವಳು ನನಗಿಂತ ಚಿಕ್ಕವಳು. ಡಾಕ್ಟರ ಮನೆ ಬಂದಾಗ ಇಳಿಯಲು ಮನಸ್ಸಾಗಲಿಲ್ಲ. ಆಮೇಲೆ ಕಣ್ಣಿಗೆ ಹಾಕುವ ಔಷಧ ಇನ್ನೂ ಅರ್ಧ ಇದ್ದಾಗಲೇ ಮುಗಿಯಿತೆಂದು ಎರಡು ಸಲ ಸುಳ್ಳು ಹೇಳಿ ಅವಳ ಹಿಂದೆ ಹೋಗಿದ್ದೇನೆ. ಇದನ್ನು ನಿಮ್ಮ ಅವ್ವನಿಗೆ ಹೇಳಬೇಡಿ.

ಹೀಗೆ ನಡೆದಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿಯ ಮುಂದಿನ ಗಾಲಿ ಸಪ್ಪಳ ಮಾಡತೊಡಗಿತು. ನಿಲ್ಲಿಸುವಾಗ ಮಾತ್ರ ಕಿರ್ರ್ ಎನ್ನುವುದು. ಅವಳು ಸಂಜೆ ಓಣಿಯೊಳಗೆ ತಿರುಗಿದರೆ ನನಗೆ ಅಡಿಗೆಮನೆಯಲ್ಲಿ ಕೇಳುತ್ತಿತ್ತು. ಓಣಿಯ ಎಲ್ಲರಿಗೂ ಕೇಳುತ್ತಿತ್ತು. ‘ನಿನ್ನ ಮೊಮ್ಮಗಳ ಗಾಡಿ ಅಳಾಕ ಹತ್ತೈತಿ, ಏನರ ಉಣ್ಣಾಕ ಹಾಕ್ರಿ ಅದಕ್ಕ’ ಎಂದಳು ಶಾಂತವ್ವ.

ಅವಳು ನಗೆಗೆ ಹೇಳಿದ್ದು. ನನಗೆ ಆ ಮಾತು ಚುಚ್ಚಿದ್ದು ನಮ್ಮ ಅಪ್ಪನ ದೆಸೆಯಿಂದ. ಅಪ್ಪನ ಹತ್ತಿರ ಒಂದು ಬಂಡಿ, ಎರಡು ಎತ್ತು ಇದ್ದವು. ಯಲಬುರ್ಗಾದ ಸಂತೆಯಿಂದ ಬರುವಾಗ ನಮ್ಮೂರಿನ ಹಳ್ಳದ ಹತ್ತಿರ ಬಂಡಿ ನಿಲ್ಲಿಸಿ ಅಚ್ಚಿಗೆ ಕೀಲೆಣ್ಣೆ ಹಚ್ಚಿಯೇ ಊರೊಳಗೆ ಬರುತ್ತಿದ್ದ. ಕೀಲೆಣ್ಣೆ ಎಂದರೆ ಹುಲ್ಲು ಸುಟ್ಟ ಬೂದಿಗೆ ನಾವು ಔಡಲೆಣ್ಣೆ ಎನ್ನುವ ಹರಳೆಣ್ಣೆ ಕಲಸಿದ ಕಪ್ಪು ಜಿಡ್ಡು. ಗಾಲಿ ಅಳುತ್ತಾ ಬಂದರೆ ಒಡೆಯ ಸೋಮಾರಿ ಎಂದು ಜನ ಆಡಿಕೊಳ್ಳುತ್ತಾರೆ ಎನ್ನುವುದು ಅವನ ಹೆದರಿಕೆ. ಎಣ್ಣೆ ಬಟ್ಟೆ ಹಿಡಿದುಕೊಳ್ಳುವುದು ನನ್ನ ಕೆಲಸ. ಆಮೇಲೆ ಮದುವೆಯಾಗಿ ಬಂದರೆ ನಿಮ್ಮ ಅಜ್ಜ ಪ್ರತಿ ರವಿವಾರ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ನಾನು ಹೊಲಿಗೆ ಯಂತ್ರಕ್ಕೆ ಬಿಡುತ್ತಿದ್ದೆ. ತಿರುಗುವ ವಸ್ತು ಸಪ್ಪಳ ಮಾಡಿದರೆ ಅದಕ್ಕೆ ಎಣ್ಣೆ ಬೇಕು. ಇದಕ್ಕೆ ವಿರುದ್ಧವಾದದ್ದನ್ನು ಅರವತ್ತೆಂಟು ವರ್ಷದಲ್ಲಿ ನಾನು ನೋಡಿರಲಿಲ್ಲ.

ಆ ತಿಂಗಳ ಅಮಾವಾಸ್ಯೆ ಬುಧವಾರ ಬಂತು. ಅಮಾವಾಸ್ಯೆಗೆ ಗಾಡಿ ತೊಳೆದು ವಿಭೂತಿ ಹಚ್ಚಿ ಕಾಯಿ ಒಡೆಯುವುದು ನಮ್ಮ ಪದ್ಧತಿ. ನೇತ್ರಾ ಮಧ್ಯಾಹ್ನ ಬಂದು ಗಾಡಿ ತೊಳೆದು, ಊಟ ಮಾಡಿ ಸ್ವಲ್ಪ ಮಲಗಿದಳು. ಪೂಜೆಯ ಸಾಮಾನು ಹಿಡಿದುಕೊಂಡು ನಾನೊಬ್ಬಳೇ ಅಂಗಳದಲ್ಲಿದ್ದೆ. ಬಗ್ಗಿ ನೋಡಿದೆ. ಮುಂದಿನ ಗಾಲಿಯ ಎರಡೂ ಬದಿಗೆ ತೂತು ತೂತಿನ ಹೊಳೆಯುವ ತಟ್ಟೆ ಇವೆ. ಅವುಗಳನ್ನು ಎರಡು ಕಪ್ಪು ಬಿಲ್ಲೆ ಹಿಡಿದುಕೊಂಡಿವೆ. ಉಜ್ಜುವುದು ಅಲ್ಲಿಯೇ. ಒಂದು ಹನಿ ಜಿಡ್ಡಿಲ್ಲ, ಒಣ ಒಣ. ಪಾಪ, ಇಷ್ಟು ಓದಿದ ಹುಡುಗಿಗೆ ಇದು ಕಂಡಿಲ್ಲವಲ್ಲ ಎಂದುಕೊಂಡೆ. ಒಳಗೆ ಹೋಗಿ ಅವಳ ನೆತ್ತಿಗೆ ಹಚ್ಚುವ ಔಡಲೆಣ್ಣೆ ತಂದೆ. ಹತ್ತಿ ಅದ್ದಿ ಎಡಗಡೆಯ ತಟ್ಟೆಗೆ ಚೆನ್ನಾಗಿ ಹಚ್ಚಿದೆ. ಬಲಗಡೆ ಗೋಡೆ ಅಡ್ಡವಿತ್ತು, ಕೈ ಹೋದಷ್ಟು ಹಚ್ಚಿದೆ. ಆಮೇಲೆ ವಿಭೂತಿ, ಕುಂಕುಮ, ಹೂವು. ಕಾಯಿ ಒಡೆಯಲು ಅವಳನ್ನು ಎಬ್ಬಿಸಿದೆ. ಎಣ್ಣೆಯ ಮಾತು ಹೇಳಲಿಲ್ಲ. ಸಪ್ಪಳ ನಿಂತದ್ದನ್ನು ಅವಳೇ ನೋಡಿ ಆಶ್ಚರ್ಯಪಡಲಿ ಎಂದುಕೊಂಡಿದ್ದೆ.

ಮರುದಿನ ಮುಂಜಾನೆ ಗಾಡಿ ಹೊರಟು ಓಣಿಯ ತಿರುವಿನಲ್ಲಿ ನಿಧಾನವಾಯಿತು. ಸಪ್ಪಳ ಬರಲಿಲ್ಲ. ನಾನು ಶಾಂತವ್ವನ ಕಟ್ಟೆಯ ಕಡೆ ನೋಡಿದೆ.

ಅರ್ಧ ಗಂಟೆಗೆ ಫೋನ್ ಬಂತು. ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ ಮುಂದಿನ ಆಟೊ ನಿಂತಿತು, ಇವಳು ಬ್ರೇಕ್ ಹಿಡಿದಳು, ಗಾಡಿ ನಿಲ್ಲಲಿಲ್ಲ. ಆಟೊಗೆ ಹೊಡೆಯಬಾರದೆಂದು ಪಕ್ಕಕ್ಕೆ ಎಳೆದು, ಮನೆ ಕಟ್ಟಲು ಹಾಕಿದ ಉಸುಕಿನ ಗುಂಪಿಯ ಮೇಲೆ ಬಿದ್ದಿದ್ದಳು. ಜೋರು ಇರಲಿಲ್ಲ, ಎರಡನೆಯ ಗೇರೇ. ಬಲಗೈಯ ಮಣಿಕಟ್ಟು ಉಳುಕಿ ಬಾತಿತ್ತು. ಗಾಡಿಯ ಒಂದು ಕನ್ನಡಿ ಒಡೆದಿತ್ತು. ಹದಿನೈದು ದಿನ ಕೈಗೆ ಪಟ್ಟಿ ಎಂದರು.

ನನಗೆ ಆಗಲೂ ಹೊಳೆಯಲಿಲ್ಲ. ನಾನು ಆ ಉಸುಕು ಹಾಕಿದವರನ್ನು ಬೈದೆ.

ಸುದ್ದಿ ಕಾರಟಗಿಗೆ ಮುಟ್ಟಲು ಒಂದು ತಾಸು ಹಿಡಿಯಲಿಲ್ಲ. ವಿರೂಪಣ್ಣ ಫೋನಿನಲ್ಲಿ ಬೈಯಲಿಲ್ಲ. ‘ರವಿವಾರ ಬರ್ತೀನಿ. ಗಂಗಾವತ್ಯಾಗ ತಗೊಳ್ಳಾವ ಅದಾನ’ ಎಂದಷ್ಟೇ ಹೇಳಿದ. ನೇತ್ರಾ ‘ಆತು ಅಪ್ಪಾ’ ಎಂದಳು.

ಶುಕ್ರವಾರ ಸಂಜೆ ಮೆಹಬೂಬ್ ಸಾಬ್ ಗಾಡಿ ಸರಿ ಮಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ. ನೇತ್ರಾ ಕೈಗೆ ಪಟ್ಟಿ ಬದಲಿಸಲು ಹೋಗಿದ್ದಳು. ನಾನು ಬಾಗಿಲ ಮರೆಯಲ್ಲಿ ನಿಂತು ಚಹ ಇಟ್ಟೆ. ಅವನು ಕುಡಿಯುತ್ತಾ ತನ್ನಷ್ಟಕ್ಕೆ ಎಂಬಂತೆ ಹೇಳಿದ.

‘ಹುಡುಗಿ ತಪ್ಪು ಏನೂ ಇಲ್ರಿ ಅವ್ವಾರ. ಬ್ರೇಕಿನ ತಟ್ಟಿಗೆ ಯಾರೋ ಎಣ್ಣಿ ಹಚ್ಚ್ಯಾರ. ಎಡಕ್ಕ ಭಾಳ, ಬಲಕ್ಕ ಕಡಿಮಿ. ಆ ತಟ್ಟಿಗೆ ಎಣ್ಣಿ ಬಿತ್ತಂದ್ರ ಬ್ರೇಕ್ ಹಿಡಿಯೂದ ಇಲ್ರಿ. ಸಪ್ಪಳ ಬರ್ತಿದ್ರ ಬರ್ಲಿ, ಅದು ಧೂಳಿಂದು.’

ನಾನು ಒಳಗಿನ ಎಣ್ಣೆ ಶೀಸೆಯ ಕಡೆ ತಿರುಗಿ ನೋಡಿದೆ. ಅವನು ಹೇಳುತ್ತಲೇ ಇದ್ದ.

‘ನಾ ನಿಮ್ಮಪ್ಪಗ ಹೇಳ್ತೀನಿ ಬೇಟಿ, ಗಾಡಿ ಉಳೀತೈತಿ ಅಂದೆ. ಆಕಿ ಬ್ಯಾಡ ಚಾಚಾ ಅಂದ್ಳು. ಬಿದ್ದ ಜಾಗಾದಾಗ ಆಕಿ ತಟ್ಟಿಗೆ ಬೆರಳು ಹಚ್ಚಿ ಮೂಸಿ ನೋಡ್ಯಾಳಂತ. ಔಡಲೆಣ್ಣಿ ಚಾಚಾ, ಯಾರಂತ ನನಗ ಗೊತ್ತೈತಿ, ಬಿಡು ಅಂದ್ಳು.’

ಅವನು ಬಟ್ಟಲು ಇಟ್ಟು ಹೋದ. ಅವನಿಗೂ ಗೊತ್ತಿತ್ತೋ ಏನೋ, ನನ್ನ ಕಡೆ ನೋಡಲಿಲ್ಲ.

ಆ ಎರಡು ದಿನ ನಾನು ಹೇಗೆ ಕಳೆದೆನೆಂದು ಬರೆಯುವುದಿಲ್ಲ. ನೇತ್ರಾ ಎಂದಿನಂತೆಯೇ ಇದ್ದಳು. ‘ಅಜ್ಜಿ, ಉಪ್ಪು ಕಡಿಮಿ ಆಗೈತಿ’ ಎನ್ನುತ್ತಿದ್ದಳು. ನಾನು ಹೇಳಬೇಕೆಂದು ಬಾಯಿ ತೆರೆದು ಉಪ್ಪು ಹಾಕುತ್ತಿದ್ದೆ. ಅವಳಿಗೆ ಹೇಳಿದರೆ ಸಾಕಾಗುವುದೂ ಇಲ್ಲ. ಹೇಳಬೇಕಾದದ್ದು ವಿರೂಪಣ್ಣನಿಗೆ.

ರವಿವಾರ ಹತ್ತು ಗಂಟೆಗೆ ಅವನು ಒಂದು ಸಣ್ಣ ಸಾಮಾನಿನ ಗಾಡಿ ಬಾಡಿಗೆಗೆ ಮಾಡಿಕೊಂಡು ಬಂದ. ಜೊತೆಗೆ ಡ್ರೈವರು. ಹಿಂದಿನ ಬಾಗಿಲು ಇಳಿಸಿ ಹಲಗೆ ಹಚ್ಚಿದರು. ಹಗ್ಗ ತೆಗೆದರು. ಶಾಂತವ್ವ ಕಟ್ಟೆಗೆ ಬಂದು ನಿಂತಳು, ಅವಳ ಹಿಂದೆ ಇನ್ನಿಬ್ಬರು. ನೇತ್ರಾ ಎಡಗೈಯಿಂದ ಕೀಲಿ ಕೊಟ್ಟು ಗೋಡೆಗೆ ಒರಗಿ ನಿಂತಳು. ಅವಳ ಮುಖ ನೋಡಿದೆ. ನಾನು ಔಡಲೆಣ್ಣೆಯ ಶೀಸೆ ತೆಗೆದುಕೊಂಡು ಹೊಸ್ತಿಲು ದಾಟಿದೆ.

‘ವಿರೂಪಾಕ್ಷಿ, ಎಣ್ಣಿ ಹಚ್ಚಿದಾಕಿ ನಾನು.’

ಅವನಿಗೆ ಅರ್ಥವಾಗಲಿಲ್ಲ. ‘ಯಾವ ಎಣ್ಣಿ ಯವ್ವಾ?’

‘ಬ್ರೇಕಿಗೆ. ಕಿರ್ರ್ ಅಂತಿತ್ತು. ಬಂಡಿಗಾಲಿ ಅಂತ ತಿಳದೆ.’

ಅವನು ನನ್ನನ್ನೂ ಶೀಸೆಯನ್ನೂ ನೋಡಿ ನಕ್ಕ. ‘ಒಳಗ ನಡಿ ಯವ್ವಾ. ಮೊಮ್ಮಗಳನ್ನ ಉಳಸಾಕ ಏನರ ಹೇಳ್ತಿ ನೀ.’

ಇದನ್ನು ನಾನು ನೆನೆಸಿರಲಿಲ್ಲ. ಹೇಳಲು ಎರಡು ದಿನ ಬೇಕಾಯಿತು, ಹೇಳಿದರೆ ನಂಬಲಿಲ್ಲ. ಡ್ರೈವರು ಹಗ್ಗ ಹಿಡಿದು ನಿಂತಿದ್ದ. ಎಲ್ಲರೂ ನೋಡುತ್ತಿದ್ದರು. ನಾನು ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಬೆರಳು ಇಟ್ಟು ತೋರಿಸಿದೆ. ‘ಇಲ್ಲಿಂದ ಇಲ್ಲಿತನ ಹಚ್ಚೀನಿ, ಎಡಗಡಿ ಪೂರ್ತಿ. ಬಲಗಡಿ ಗ್ವಾಡಿ ಅಡ್ಡ ಬಂತು, ಮ್ಯಾಲಷ್ಟ ಹಚ್ಚೀನಿ. ಮೆಹಬೂಬ್ ಸಾಬಗ ಫೋನ್ ಹಚ್ಚಿ ಕೇಳು, ಯಾವ ಕಡೆ ಭಾಳ ಇತ್ತಂತ.’

ನೇತ್ರಾ ‘ಅಜ್ಜಿ, ಬಿಡು’ ಎಂದಳು. ವಿರೂಪಣ್ಣ ಅವಳ ಫೋನ್ ತೆಗೆದುಕೊಂಡು ಹಚ್ಚಿದ. ಅವನು ಏನೂ ಸುಳಿವು ಕೊಡದೆ ಕೇಳಿದ, ‘ಡಿಸ್ಕಿನ್ಯಾಗ ಏನರ ಇತ್ತೇನ್ರಿ?’ ಆ ಕಡೆಯಿಂದ ಬಂದ ಉತ್ತರ ಎಲ್ಲರಿಗೂ ಕೇಳಿತು. ‘ಎಣ್ಣಿ ಇತ್ರಿ ಸಾವ್ಕಾರ. ಎಡಕ್ಕ ಭಾಳ, ಬಲಕ್ಕ ಕಡಿಮಿ.’

ಅವನು ಫೋನನ್ನು ಮಗಳ ಕೈಗೆ ಕೊಟ್ಟ. ಆಮೇಲೆ ‘ಆದ್ರೂ ಮಾತು ಮಾತ ಯವ್ವಾ. ಬಿದ್ರ ಮಾರೂದು ಅಂತ ಆಗಿತ್ತು’ ಎಂದ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

‘ಆಕಿ ಬಿದ್ರ ಅಂತ ಆಗಿತ್ತು. ಆಕಿ ಬಿದ್ದಿಲ್ಲ, ನಾ ಕೆಡವೀನಿ. ಏರಸೂದ ಇದ್ರ ಆ ಹಲಗಿ ಮ್ಯಾಲ ನನ್ನ ಏರಸು. ಹಗ್ಗ ತಂದೀರಲ್ಲ, ಕಟ್ಟಿಕೊಂಡು ಹೋಗ್ರಿ.’

ಡ್ರೈವರು ಮುಖ ತಿರುಗಿಸಿ ನಕ್ಕ. ಶಾಂತವ್ವ ಮುಚ್ಚಿಡದೆ ನಕ್ಕಳು. ನಾನು ಅಷ್ಟು ಮಾತನ್ನು ಒಂದೇ ಉಸಿರಿಗೆ ಹೇಳಿದ್ದು ಅದೇ ಮೊದಲು. ಹೇಳಿ ಶೀಸೆ ಕೆಳಗಿಟ್ಟೆ. ವಿರೂಪಣ್ಣ ಕಟ್ಟೆಯ ಮೇಲೆ ಕುಳಿತ. ಬಹಳ ಹೊತ್ತು ಮಗಳ ಕೈಯನ್ನೇ ನೋಡಿದ. ಮೂರು ದಿನದಿಂದ ಅವನು ಗಾಡಿಯ ಮಾತು ಬಿಟ್ಟು ಬೇರೆ ಆಡಿರಲಿಲ್ಲ.

‘ಭಾಳ ನೋಯ್ತೈತೇನವ್ವ?’

‘ಮುಂಜಾನಿ ಎದ್ದಾಗ ಅಷ್ಟ.’

ಅವನು ಡ್ರೈವರನಿಗೆ ಹಲಗೆ ಎತ್ತಿಕೊಳ್ಳಲು ಕೈಯಲ್ಲೇ ಹೇಳಿದ. ಊಟ ಮಾಡಿ ಹೋಗುವಾಗ ನೇತ್ರಾಳಿಗೆ, ‘ಪಟ್ಟಿ ಬಿಚ್ಚೂತನ ಕೀಲಿ ನಿಮ್ಮಜ್ಜಿ ಹತ್ರ ಇರ್ಲಿ’ ಎಂದ. ನನಗೆ, ‘ಎಣ್ಣಿ ಶೀಸೆ ಆಕಿ ಹತ್ರ ಇರ್ಲಿ’ ಎಂದ.

ಸಂಜೆ ಇಬ್ಬರೇ ಉಳಿದೆವು. ನಾನು ಕೇಳಿದೆ. ‘ನಿನಗ ಮೊದಲ ಗೊತ್ತಿತ್ತು. ಅಪ್ಪಗ ಒಂದು ಮಾತು ಹೇಳಿದ್ರ ಗಾಡಿ ಉಳೀತಿತ್ತು. ಯಾಕ ಹೇಳಲಿಲ್ಲ?’

‘ಗಾಡಿ ಉಳೀತಿತ್ತು ಅಜ್ಜಿ. ನೀ ನಾಚಿಕಿಗೆ ಮತ್ತ ಅಡಗಿಮನಿ ಬಿಟ್ಟು ಹೊರಗ ಬರ್ತಿದ್ದಿಲ್ಲ.’

ಅವಳು ಹೇಳಿದ್ದು ನಿಜವಿತ್ತು. ಪಟ್ಟಿ ಕಟ್ಟಿದ ಕೈಯಿಂದ ಅವಳಿಗೆ ಅನ್ನ ಕಲಸಲು ಬರುತ್ತಿರಲಿಲ್ಲ. ನಾನೇ ಕಲಸಿ ತುತ್ತು ಮಾಡಿ ಕೊಟ್ಟೆ. ಒಂದೊಂದಾಗಿ ಎಲ್ಲ ಉಂಡಳು.